ತರಬೇತಿ ಮುಗಿದ ಮೂರು ತಿಂಗಳಿಗೆ

ಕಲಿಸಿದ್ದು ಎಷ್ಟು ತಲೆಗೆ ಹೋಗಿದೆ ಎಂದು ನೋಡಲು ಊರೂರು ತಿರುಗುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಕ್ಕ ಮೇಲೆ ನಕ್ಕಿದ್ದಕ್ಕೆ ನಾಚುವುದೂ ತಪ್ಪಿದ್ದಲ್ಲ.

ಎರಡು ಸಾವಿರದ ಐದಾರರ ಸುಮಾರಿಗೆ, ಕಟ್ಟಡದ ತಂಪು, ಗಾಳಿ, ಬೆಂಕಿಯ ಎಚ್ಚರಿಕೆ ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುವ ವ್ಯವಸ್ಥೆ ಹಾವೇರಿ ಕಡೆಗೂ ಬಂತು. ಅದನ್ನು ಕೂರಿಸುವ ಕಂಪನಿಯ ಪರವಾಗಿ ನೌಕರರಿಗೆ ಎರಡು ದಿನ ಕಲಿಸಿ, ಮೂರು ತಿಂಗಳ ಮೇಲೆ ಹೋಗಿ, ಕಲಿತದ್ದು ಎಷ್ಟು ಉಪಯೋಗವಾಯಿತೆಂದು ಕೇಳಿ ಫಾರ್ಮು ತುಂಬುವುದು ನನ್ನ ಕೆಲಸ.

ಹಾವೇರಿಯ ಕೀಲಿ

ಒಂದು ಖಾಸಗಿ ಆಸ್ಪತ್ರೆಯ ಎಲೆಕ್ಟ್ರಿಷಿಯನ್, ತರಬೇತಿಯ ಕೊನೆಗೆ ನಾನಿಟ್ಟ ಪರೀಕ್ಷೆಯಲ್ಲಿ ಮೊದಲ ನಂಬರು ಬಂದವನು. ತಿರುಗಿ ಹೋದಾಗ ಆಪರೇಷನ್ ಥಿಯೇಟರು ಕಾದ ಒಲೆಯಾಗಿತ್ತು. ಡಾಕ್ಟರು ಬೆವರಿನಲ್ಲಿ ತೊಯ್ದು ಹೊರಬಂದರು. ಒಳಗೆ ಆಪರೇಷನ್ನಿಗೆ ಮಲಗಿದ್ದ ಹೆಣ್ಣುಮಗಳ ಗತಿ ನೆನೆದು ನನಗೆ ಎಲೆಕ್ಟ್ರಿಷಿಯನ್ ಮೇಲೆ ಸಿಟ್ಟು ಬಂತು.

“ಕಲಿಸಿದ್ದೆಲ್ಲಾ ಮರ್ತೀರೇನು?”

“ಎಲ್ಲಾ ನೆನಪೈತ್ರಿ ಸರ್. ಯಾರರ ಮುಟ್ಟಿ ಕೆಡಸ್ತಾರಂತ ಮಾಲಕರು ಎ.ಸಿ. ಪ್ಯಾನಲ್ಲಿಗೆ ಕೀಲಿ ಹಾಕ್ಯಾರ.”

“ಕೀಲಿಕೈ?”

“ಮಾಲಕರ ಕಿಸೆದಾಗ ಐತ್ರಿ.”

“ಮಾಲಕರು?”

“ಕಾಶಿಗೆ ಹೋಗ್ಯಾರ್ರಿ.”

ರಾಣೆಬೆನ್ನೂರಿನ ಗುಂಡಿ

ನಾಲ್ಕು ಅಂತಸ್ತಿನ ಬಟ್ಟೆ ಅಂಗಡಿ. ಲಗ್ನದ ಜವಳಿಗೆ ಬಂದವರಿಂದ ಮೆಟ್ಟಿಲ ಮೇಲೂ ಕಾಲಿಡಲು ಜಾಗವಿರಲಿಲ್ಲ. ನನ್ನಿಂದ ಕಲಿತ ಕಾವಲುಗಾರ ಕೆಲಸ ಬಿಟ್ಟಿದ್ದ. ಬೆಂಕಿಯ ಅಲಾರಾಂ ಮುಂದೆ ಹೊಸಬನೊಬ್ಬ ಕೂತಿದ್ದ.

“ಮೊದಲಿನವ ನಿಮಗ ಕಲಿಸಿ ಹೋಗ್ಯಾನೇನು?”

“ಹೂಂನ್ರಿ. ಕೆಂಪು ದೀಪ ಹತ್ತಿ ಕೂಗಾಕತ್ತಿದ್ರ ಈ ಗುಂಡಿ ಒತ್ತು ಅಂದಾನ.”

ಅದು ಸದ್ದು ನಿಲ್ಲಿಸುವ ಗುಂಡಿ.

“ಒತ್ತಿದ ಮ್ಯಾಲೆ?”

“ಸುಮ್ಮನಾಗತೈತ್ರಿ.”

“ಖರೇನ ಬೆಂಕಿ ಹತ್ತಿದ್ರ?”

ಆತ ಪ್ಯಾನಲ್ಲನ್ನು ಮೇಲಿಂದ ಕೆಳಗೆ ಹುಡುಕಿದ. “ಅದಕ್ಕ ಬ್ಯಾರೆ ಗುಂಡಿ ಐತೇನ್ರಿ?”

ಬ್ಯಾಡಗಿಯ ಘಾಟು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಮಷಿನ್ ಆಪರೇಟರಿಗೆ ಐವತ್ತರ ಮೇಲೆ ವಯಸ್ಸು, ನಾಲ್ಕನೇ ಇಯತ್ತೆ ಓದು. ತಂಪು ಮಾಡುವ ಅಮೋನಿಯಾ ಸೋರಿದರೆ ಕೂಗಲೆಂದು ಅಲ್ಲಿ ನಾವು ಒಂದು ಸೆನ್ಸರ್ ಕೂರಿಸಿದ್ದೆವು. ಅದಕ್ಕೆ ಧೂಳು ಕೂಡುತ್ತದೆಂದು ಮ್ಯಾನೇಜರು ಪ್ಲಾಸ್ಟಿಕ್ ಚೀಲ ಕಟ್ಟಿಸಿದರು.

ಒಂದು ಮಧ್ಯಾಹ್ನ ಗ್ಯಾಸ್ ಸೋರಿತು. ಸೆನ್ಸರ್ ಚೀಲದೊಳಗೆ ಸುಮ್ಮನಿತ್ತು. ಹಮಾಲರು ಕಣ್ಣೊರೆಸಿಕೊಂಡು, ಕೆಮ್ಮುತ್ತಲೇ ಮೆಣಸಿನಕಾಯಿ ಮೂಟೆ ಹೊರುತ್ತಿದ್ದರು. ಬ್ಯಾಡಗಿಯಲ್ಲಿ ಕಣ್ಣುರಿಗೆ ಯಾರು ಕೆಲಸ ಬಿಡುತ್ತಾರೆ? ಕಾಯಿಯ ತೊಟ್ಟು ಬಿಡಿಸುತ್ತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

“ಇದು ಕಾಯಿ ಘಾಟಲ್ಲೋ! ಕಾಯಿ ಘಾಟಿಗೆ ಸೀನು ಬರ್ತಾವ. ಇದು ಉಸಿರು ಹಿಡ್ಯಾಕತ್ತೈತಿ. ಲಗೂನ ಹೊರಗ ನಡೀರಿ!”

ಎಲ್ಲರೂ ಹೊರಗೋಡಿದರು. ಆಪರೇಟರು ಮಾತ್ರ ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಮಷಿನ್ ರೂಮಿಗೆ ನುಗ್ಗಿ ವಾಲ್ವ್ ಮುಚ್ಚಿದ. ಹಮಾಲರೆಲ್ಲ ಉಳಿದರು. ಆತನ ಎಡಗಣ್ಣು ಉಳಿಯಲಿಲ್ಲ.

ನಾನು ಆಸ್ಪತ್ರೆಗೆ ಹೋದಾಗ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ದನಿ ಕೇಳಿಯೇ ಗುರುತು ಹಿಡಿದ. “ಬರ್ರಿ ಸರ್, ಕುಂದರ್ರಿ. ಫಾರ್ಮ್ ತುಂಬಾಕ ಬಂದೀರೇನು?”

ಫಾರ್ಮನ್ನು ಬ್ಯಾಗಿನೊಳಗೇ ತಳ್ಳಿದೆ. ಬೇಡವೆಂದರೂ ಆತ ಬಿಡಲಿಲ್ಲ. “ಕೇಳ್ರಿ, ನನಗೂ ಹೊತ್ತು ಹೋಗವಲ್ದು.”

ಒಂದೊಂದೇ ಕೇಳಿದೆ. ಕೊನೆಯ ಪ್ರಶ್ನೆಯನ್ನು ಬೇಗ ಓದಿ ಮುಗಿಸಿದೆ: ತರಬೇತಿಯಲ್ಲಿ ಕೊಟ್ಟ ಪುಸ್ತಕ ಉಪಯೋಗವಾಯಿತೇ? ಅದು ಮುನ್ನೂರು ಪುಟದ ಇಂಗ್ಲಿಷ್ ಪುಸ್ತಕ. ಆತ ಅದರ ಒಂದು ಸಾಲೂ ಓದಲಾರ ಎಂದು ಗೊತ್ತಿದ್ದೇ ಕೊಟ್ಟು, ಸಹಿ ಹಾಕಿಸಿಕೊಂಡು ಬಂದವನು ನಾನು.

“ಭಾಳ ಉಪಯೋಗ ಆತ್ರಿ!” ಆತ ಹಾಸಿಗೆಯಲ್ಲಿ ಎದ್ದು ಕೂತ. “ಆ ಮಷಿನ್ ರೂಮಿನ ಬಾಗಲಾ ತಾನ ಮುಚ್ಕೊಂತಿತ್ರಿ, ಒಳಗಿನ ಹಿಡಿಕಿ ಮುರದಿತ್ತು. ನಿಮ್ಮ ಪುಸ್ತಕ ಸಂದಿನ್ಯಾಗ ಇಟ್ಟು ಒಳಗ ಹೋದೆ. ಸಣ್ಣ ಪುಸ್ತಕ ಕೊಟ್ಟಿದ್ರ ನಾ ಅಲ್ಲೇ ಸಾಯ್ತಿದ್ದೆ ನೋಡ್ರಿ!”