ಮಾಸ್ತರರ ಹೊಂಡಕ್ಕೆ ಹೊಸ ತಾಡಪತ್ರಿ

ಮೊಣಕಾಲು ಮಡಚಿ, ಗದ್ದವನ್ನು ನೀರಿಗೆ ತಾಗಿಸಿ, ಎರಡೂ ಕೈ ಬೀಸುತ್ತ ಹೃಷೀಕೇಶ ಮಾಸ್ತರರು ಹೊಂಡದ ನಡುವೆ ಸಾಗಿದ್ದರು. ನಿನ್ನೆ ಇಷ್ಟು ಮಡಚಬೇಕಾಗಿರಲಿಲ್ಲ. ಇನ್ನೊಂದು ಗೇಣು ನೀರು ಇಳಿದರೆ ಕಪ್ಪೆಯ ಹಾಗೆ ಕುಕ್ಕರಗಾಲಿನಲ್ಲೇ ಈಜಬೇಕಾದೀತು.

"ಮಾಸ್ತರ, ನೀರ ಕಡಿಮಿ ಆಗೈತಲ್ರಿ," ಬಾಜೂ ತೋಟದ ಕಾಸಿಂಸಾಬ ಬದುವಿನ ಮೇಲಿಂದ ಕೂಗಿದರು.

"ಬಿಸಲಿಗೆ ಆರತದರಿ."

"ಬಿಸಲಿಗಲ್ಲ. ತಾಡಪತ್ರಿ ಹರದಿರಬೇಕು. ಬದಲಿ ಮಾಡೂದು ಬಂತು."

ಮಾಸ್ತರರು ಕೈ ಬಡಿಯುವುದನ್ನೇ ಮರೆತರು. ನೀರು ಇಂಗದಂತೆ ತಳಕ್ಕೆ ಹಾಸಿದ ಪ್ಲಾಸ್ಟಿಕ್ ತಾಡಪತ್ರಿ ಬದಲಿಸಲು ಹೊಂಡ ಬರಿದು ಮಾಡಬೇಕು. ಬರಿದಾದರೆ ಅದರ ಆಳ ಬರೀ ಎದೆಮಟ್ಟ ಎಂಬುದು ಎಲ್ಲರಿಗೂ ಕಾಣುತ್ತದೆ.

ಇಂಡಿ ತಾಲೂಕಿನ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಅವರು, ಹರೆಯದಲ್ಲಿ ಭೀಮಾ ನದಿಯನ್ನು ಈಜಿ ದಾಟುತ್ತಿದ್ದೆ ಎಂದು ಹೇಳಿಕೊಂಡೇ ಬಂದವರು. ದಾಟಿದ್ದು ನಿಜ. ಈಜಿದ್ದು ಎಮ್ಮೆ, ಇವರು ಅದರ ಬಾಲ ಹಿಡಿದುಕೊಂಡಿದ್ದರು. ಲಿಂಬೆ ತೋಟಕ್ಕೆ ಹೊಂಡ ತೋಡಿಸುವ ಮಾತು ಬಂದಾಗ ಊರಿನವರೆಲ್ಲ, ಇನ್ನು ದಿನಾ ಮಾಸ್ತರರ ಈಜು ನೋಡಬಹುದು ಎಂದರು. ಅದಕ್ಕೇ ಯಾರೂ ಇಲ್ಲದ ಹೊತ್ತು ನೋಡಿ ಎದೆಮಟ್ಟಕ್ಕೆ ತೋಡಿಸಿ, 'ಎರಡಾಳು ಆಳ ಇದೆ, ಯಾರೂ ಇಳಿಯಬಾರದು' ಎಂದು ತಾವೇ ಕೆಂಪು ಬಣ್ಣದಲ್ಲಿ ಬರೆದು, ಕೆಳಗೊಂದು ತಲೆಬುರುಡೆಯನ್ನೂ ಚಂದಾಗಿ ಬಿಡಿಸಿ ಬೋರ್ಡು ನೆಟ್ಟಿದ್ದರು. ಉಳಿದದ್ದನ್ನು ಪಾಚಿ ಮುಚ್ಚಿತ್ತು. ಅಂದಿನಿಂದ ದಿನಾ ಮುಂಜಾನೆ ತಳದ ಮೇಲೆ ನಡೆಯುತ್ತ ಕೈ ಬಡಿಯುತ್ತಿದ್ದರು. ಅಷ್ಟು ಸುಖದ ಹೊತ್ತು ಅವರ ದಿನದಲ್ಲಿ ಬೇರೊಂದಿರಲಿಲ್ಲ.

ಮೇಲೆ ಬಂದು ಮೈ ಒರೆಸಿಕೊಳ್ಳುವಾಗ ಹೆಂಡತಿ ವೃಂದಾ ಚಹಾ ತಂದಳು. "ಮತ್ತ ಎಡಗಾಲ ಚಪ್ಪಲಿ ಸವಿಸೀರಿ. ಹಿಮ್ಮಡದ ಹೊರಗಿನ ಅಂಚಽ ಯಾಕ ಸವೀತದೋ ನಿಮ್ಮದು," ಎಂದು ಗೊಣಗಿದಳು.

ಅಷ್ಟರಲ್ಲಿ ಕಾಸಿಂಸಾಬರು ನಿವೃತ್ತ ಬಸ್ ಡ್ರೈವರ್ ಶಂಕ್ರೆಪ್ಪನನ್ನು ಕರೆತಂದರು. ಶಂಕ್ರೆಪ್ಪ ದಂಡೆಯ ತಾಡಪತ್ರಿಯನ್ನು ಚಿವುಟಿ ನೋಡಿದ.

"ಹಪ್ಪಳ ಆಗೈತ್ರಿ. ಬಣ್ಣಾ ಹೋಗೈತಿ, ನಿರಿಗಿ ಬಿದ್ದಾವ. ಇದು ಟಾಯರ ಆಗಿದ್ರ ನಾ ಗಾಡಿ ಡಿಪೋದಿಂದ ಹೊರಗ ತಗೀತಿದ್ದಿಲ್ಲ."

"ನಿರಿಗಿ ನನಗೂ ಬಿದ್ದಾವ. ನನ್ನೂ ಬದಲಿ ಮಾಡ್ತೀಯೇನು?"

"ಅದು ವೈನಿಯವರ ಕೈಯಾಗ ಐತ್ರಿ," ಎಂದ ಶಂಕ್ರೆಪ್ಪ ವೃಂದಾಳ ಕಡೆ ನೋಡಿ.

ಕಾಸಿಂಸಾಬರು ನಡುವೆ ಬಂದರು. "ಜಗಳ ಯಾಕ? ದಂಡಿಗೆ ಒಂದು ತುಂಬಿದ ಬಕೀಟ ಇಡೂಣು. ಎರಡಕ್ಕೂ ಒಂದಽ ಬಿಸಲು. ಎರಡೂ ಸಮಾ ಇಳಿದ್ರ ಸೂರ್ಯಾ ಕುಡದಾನ. ಹೊಂಡ ಹೆಚ್ಚ ಇಳಿದ್ರ ತಾಡಪತ್ರಿ ಹೋತು."

ಶಂಕ್ರೆಪ್ಪ ತನ್ನ ತಂಬಾಕಿನ ಡಬ್ಬಿಯ ಸುಣ್ಣದಿಂದ ಎರಡೂ ಕಡೆ ಗೆರೆ ಎಳೆದ. ಊಟ ಮುಗಿಸಿ ಬರುತ್ತೇವೆಂದು ಇಬ್ಬರೂ ಹೋದರು.

ಮಧ್ಯಾಹ್ನಕ್ಕೆ ಹೊಂಡ ನಾಲ್ಕು ಬೆರಳು ಇಳಿದಿತ್ತು. ಬಕೀಟು ಮಾತ್ರ ಮದುಮಗನಂತೆ ತುಂಬಿಕೊಂಡು ಕೂತಿತ್ತು. ಮಾಸ್ತರರು ಅತ್ತಿತ್ತ ನೋಡಿ, ಬಕೀಟಿನಿಂದ ಒಂದು ತಂಬಿಗೆ ನೀರು ತೆಗೆದು ಚೆಲ್ಲಿದರು. ಸಾಲಲಿಲ್ಲ. ಇನ್ನೊಂದು ತೆಗೆಯುವಾಗ "ಊಟಕ್ಕ ಬರ್ರೀ" ಎಂದು ವೃಂದಾ ಕೂಗಿದ್ದೇ ತಡ, ಕೈ ತಾಗಿ ಬಕೀಟು ವಾಲಿ ಅರ್ಧ ನೀರು ನೆಲದ ಪಾಲಾಯಿತು.

ಮರಳಿ ಬಂದ ಕಾಸಿಂಸಾಬರು ಬಗ್ಗಿ ಬಕೀಟಿನೊಳಗೆ ಇಣುಕಿದರು. "ಬಕೀಟಽ ತೂತ ಐತಿ."

"ಪರೀಕ್ಷಾ ರದ್ದು," ಎಂದ ಶಂಕ್ರೆಪ್ಪ. "ಬರಿದ ಮಾಡಿ ನೋಡೂದಽ ಖರೆ."

ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಕಾಸಿಂಸಾಬರು ಮೋಟಾರು ಹಚ್ಚಿ ನೀರನ್ನು ಲಿಂಬೆ ಗಿಡಗಳಿಗೆ ತಿರುಗಿಸಿದ್ದರು. ಇನ್ನೊಂದು ಕೈಯಲ್ಲಿ ಫೋನು. ಪೇಟೆಯ ಅಂಗಡಿಗೆ ಉದ್ದ, ಅಗಲ ಹೇಳಿ, ಬೋರ್ಡಿನ ಕಡೆ ನೋಡಿ, "ಆಳಾ ಎರಡಾಳು ಹಿಡೀರಿ," ಎಂದರು.

ನೀರು ಮುಗಿಯಿತು. ಶಂಕ್ರೆಪ್ಪ ಕೆಳಗಿಳಿದು ನಿಂತ. ದಂಡೆ ಅವನ ಎದೆಗೆ ಬಂತು.

"ಮಾಸ್ತರ, ಇದರಾಗ ಹೆಂಗ ಈಜಿದ್ರಿ?"

"ಹೊಂಡ ತೋಡಿದಾವ ಮೋಸ ಮಾಡ್ಯಾನ," ಎಂದು ಕಾಸಿಂಸಾಬರೇ ಉತ್ತರ ಕೊಟ್ಟರು. "ಆದ್ರ ಇಷ್ಟ ನೀರಾಗ ಕಾಲ ತಾಗಿಸಲಾರ್ದ ಈಜೂದು ಸಣ್ಣ ಮಾತೇನು?"

"ಮೋಸಽ ಆಗ್ಯದ," ಎಂದರು ಮಾಸ್ತರರು, ತಗ್ಗಿದ ದನಿಯಲ್ಲಿ.

ತಾಡಪತ್ರಿ ತಳದ ನಡುವೆ ಚಕ್ಕಡಿಯ ಜಾಡಿನಂತೆ ಎರಡು ಸಾಲು ಸವೆದಿತ್ತು, ಎಡಗಡೆಯ ಸಾಲು ಹೊರಗಿನ ಅಂಚಿನಲ್ಲಿ ಹೆಚ್ಚು. ತಿರುಗುವಲ್ಲೆಲ್ಲ ತೂತು. ಶಂಕ್ರೆಪ್ಪ ತಲೆ ಕೆರೆದುಕೊಂಡ. "ಯಾವುದೋ ಎಮ್ಮಿ ಇಳದು ಓಡಾಡೈತಿ."

"ಎಮ್ಮಿನಽ," ಎಂದರು ಮಾಸ್ತರರು. ಎಮ್ಮೆ ಎರಡನೇ ಸಲ ಅವರನ್ನು ದಡ ಮುಟ್ಟಿಸಿತ್ತು.

ವೃಂದಾ ಬಗ್ಗಿ ಆ ಸಾಲುಗಳನ್ನು ನೋಡಿದಳು. ಗಂಡನ ಕಾಲು ನೋಡಿದಳು. ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ಮನೆಯ ಕಡೆ ನಡೆದಳು.

ಇನ್ನೇನು ಗೆದ್ದೆ ಎಂದು ಮಾಸ್ತರರು ಗಿಡದ ನೆರಳಿಗೆ ಕೂರುವಷ್ಟರಲ್ಲಿ ಟೆಂಪೋ ಬಂತು. ಹೊಸ ತಾಡಪತ್ರಿ ಬಿಚ್ಚಿದರೆ ಹೊಂಡಕ್ಕೆ ಹಾಕಿ ಇನ್ನೂ ಅಷ್ಟು ಉಳಿಯಿತು.

"ಕತ್ತರಿಸಿಬಿಡ್ರಿ," ಎಂದರು ಮಾಸ್ತರರು ಅವಸರದಿಂದ.

"ಹೊಸಾದನ್ನ ಕತ್ತರಿಸೂದ? ನೀವು ಸುಮ್ನ ಕೂಡ್ರಿ. ನನ್ನ ಹೊಲದಾಗ ಜೆಸಿಬಿ ಐತಿ. ನಿಮಗಾದ ಮೋಸಾನ ಇವತ್ತಽ ಸರಿ ಮಾಡ್ತೇನಿ," ಎಂದು ಕಾಸಿಂಸಾಬರು ಎದೆ ತಟ್ಟಿಕೊಂಡರು.

ಸಂಜೆಯ ಹೊತ್ತಿಗೆ ಹೊಂಡ ಎರಡಾಳು ಆಳವಾಗಿ, ಹೊಸ ತಾಡಪತ್ರಿ ಹೊದ್ದು, ಬೋರಿನ ನೀರು ಕುಡಿಯತೊಡಗಿತ್ತು. ಬೋರ್ಡು ನೆಟ್ಟಾಗಿನಿಂದ ಮೊದಲ ಸಲ ನಿಜ ಹೇಳುತ್ತಿತ್ತು.

"ತುಂಬಿದ ಕೂಡ್ಲೆ ಮೊದಲ ಜಿಗಿತ ನಿಮ್ದ," ಎಂದರು ಕಾಸಿಂಸಾಬ. "ಸಾಲಿ ಹುಡುಗರಿಗೂ ಹೇಳೇನಿ. ನೋಡಾಕ ಬರ್ತಾರ."

ಅವರು ಪೈಪು ಸರಿಮಾಡಲು ಆಚೆ ಸರಿದಾಗ ವೃಂದಾ ಬಂದಳು. ಕೈಯಲ್ಲಿ ಬಾಯಿ ಬಿಗಿದ ಖಾಲಿ ಎಣ್ಣೆ ಕ್ಯಾನು, ಅದಕ್ಕೊಂದು ಹಗ್ಗ.

"ಬೆನ್ನಿಗೆ ಕಟಗೋರಿ. ನನ್ನ ತಮ್ಮಾ ಹಿಂಗಽ ಈಜು ಕಲತಾ," ಎಂದಳು ಮೆಲ್ಲಗೆ.

"ನಿನಗ ಯಾರು ಹೇಳಿದ್ರು?"

"ಯಾರ್ ಹೇಳಬೇಕು? ನಿಮ್ಮ ಚಪ್ಪಲಿ ಸವದಂಗಽ ತಾಡಪತ್ರಿ ಸವದದ."

ಮಾಸ್ತರರು ಹೊಂಡ ನೋಡಿದರು. ಆಚೆ ನಿಂತು ತಮ್ಮ ಕಡೆಗೇ ಅಭಿಮಾನದಿಂದ ನೋಡುತ್ತಿದ್ದ ಕಾಸಿಂಸಾಬರನ್ನು ನೋಡಿದರು. ಆಮೇಲೆ ಕ್ಯಾನು ನೋಡಿದರು.

"ಕ್ಯಾನ ಒಲ್ಲೆ," ಎಂದರು. "ಒಂದು ಎಮ್ಮಿ ಸಿಗ್ತದೇನು ನೋಡು."