ನನ್ನ ಮೈ ಇಳಿಸಲು ಅತ್ತೆ ಕೊಟ್ಟ ಕನೆಕ್ಷನ್ನು

ಇಬ್ಬರು ಮಾತಾಡುವುದು ಯಾರಿಗಾದರೂ ಕೇಳಿಸುತ್ತದೆ. ನನ್ನ ಸೋದರತ್ತೆಗೆ ಇಬ್ಬರು ಮಾತಾಡದೆ ಇರುವುದು ಕೇಳಿಸುತ್ತಿತ್ತು! ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಚರಂಡಿ ನೀರಿನ ವಿಷಯಕ್ಕೆ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದ ಎರಡು ಮನೆಯವರನ್ನು ಅವಳು ಒಂದು ಭಾನುವಾರ ನಮ್ಮ ಜಗಲಿಯ ಮೇಲೆ ಕೂರಿಸಿ ಮಾತಾಡಿಸಿಬಿಟ್ಟಳು. ಅವರು ಎಷ್ಟು ಚೆನ್ನಾಗಿ ಒಂದಾದರೆಂದರೆ, ಮಾರನೆಯ ದಿನ ಇಬ್ಬರೂ ಸೇರಿಕೊಂಡು ನಮ್ಮ ಚರಂಡಿಯ ಮೇಲೆ ಜಗಳಕ್ಕೆ ಬಂದರು.

ತಪ್ಪು ಅವಳದಲ್ಲ, ಅವಳ ನೌಕರಿಯದು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್. ಪರಊರಿನವರ ಜೊತೆ ಫೋನಿನಲ್ಲಿ ಮಾತಾಡಬೇಕೆಂದರೆ ಮೊದಲು ಆಪರೇಟರಿಗೆ ಹೇಳಿ, ಅವರು ಲೈನು ಸೇರಿಸಿಕೊಡುವವರೆಗೆ ಕಾಯಬೇಕಿದ್ದ ಕಾಲ ಅದು. ಹೆಡ್‌ಫೋನು ಒತ್ತಿ ಒತ್ತಿ ಅತ್ತೆಯ ಬೈತಲೆಗೆ ಅಡ್ಡವಾಗಿ ಇನ್ನೊಂದು ಗೆರೆ ಬಿದ್ದಿತ್ತು. ಸಂಜೆ ಡ್ಯೂಟಿ ಎಂದರೆ ಅವಳಿಗೆ ಪ್ರಾಣ. ಚಾರ್ಜು ಕಡಿಮೆಯಾಗುವ ಹೊತ್ತು ಬಂದರೆ ಸಾಕು, ಬೀದರಿನಿಂದ ಮಂಗಳೂರಿನವರೆಗೆ ಜನರ ಬಾಣಂತನ, ನಿಶ್ಚಿತಾರ್ಥ, ಮುನಿಸು, ಮರಣ ಎಲ್ಲ ಅವಳ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ‘ಸಿನಿಮಾ ನೋಡೋಕ್ಕೆ ಜನ ದುಡ್ಡು ಕೊಡ್ತಾರೆ, ನಂಗೆ ಕೇಳಿಸ್ಕೊಳ್ಳೋಕ್ಕೆ ಸಂಬಳ ಕೊಡ್ತಾರೆ ಕಣೇ’ ಎನ್ನುತ್ತಿದ್ದಳು.

ಕೆಲಸದ ಚಟ ಮನೆಗೂ ಬರುತ್ತಿತ್ತು. ಟ್ರಂಕ್ ಕಾಲಿಗೆ ಮೂರು ನಿಮಿಷಕ್ಕೊಂದು ಲೆಕ್ಕ. ಅಷ್ಟಾದ ಕೂಡಲೇ ಆಪರೇಟರು ನಡುವೆ ಬಾಯಿ ಹಾಕಿ ಎಚ್ಚರಿಸಬೇಕು. ಅತ್ತೆಯನ್ನು ನೋಡಲು ಬಂದಿದ್ದ ಗಂಡಿನ ತಾಯಿ ತಮ್ಮ ಮನೆತನದ ಹಿರಿಮೆಯನ್ನು ಬಣ್ಣಿಸುತ್ತಿದ್ದಾಗ ಇವಳು ಅಭ್ಯಾಸಬಲದಿಂದ, ‘ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?’ ಎಂದಳಂತೆ. ಅವರು ಮುಂದುವರಿಸಲಿಲ್ಲ. ಅತ್ತೆ ನಮ್ಮ ಮನೆಯಲ್ಲೇ ಉಳಿದಳು.

ಇಂಥವಳ ಕೈಗೆ ಸಿಕ್ಕಿಬಿದ್ದವಳು ನಾನು. ಆಗ ನನಗೆ ಹತ್ತರ ಆಸುಪಾಸು. ನಾನು ಗುಂಡಗಿದ್ದೆ ಎಂದರೆ ಸಭ್ಯತೆಯಾಯಿತು. ಗ್ರೂಪ್ ಫೋಟೋದಲ್ಲಿ ಪಕ್ಕದ ಹುಡುಗಿಯ ಒಂದು ಕಿವಿ ಮಾತ್ರ ಬಿದ್ದಿದೆ, ಉಳಿದ ಜಾಗವೆಲ್ಲ ನಾನೇ! ಈಗ ಐವತ್ತು ದಾಟಿದ ಮೇಲೂ ಯಾರಾದರೂ ಕ್ಯಾಮೆರಾ ತೆಗೆದರೆ ನಾನು ಹಿಂದಿನ ಸಾಲು ಹುಡುಕುತ್ತೇನೆ.

ವಿಷಯ ಬಯಲಿಗೆ ಬಂದದ್ದು ದರ್ಜಿಯಿಂದ. ಯೂನಿಫಾರ್ಮಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಲು ಅತ್ತೆಯೇ ನನ್ನನ್ನು ಕರೆದುಕೊಂಡು ಹೋಗಿದ್ದಳು. ಅವನು ಲಂಗದ ಒಳಗನ್ನು ಮಗುಚಿ ನೋಡಿ, ಆಪರೇಷನ್ ಥಿಯೇಟರಿನಿಂದ ಹೊರಬಂದ ಸರ್ಜನ್ನನ ಹಾಗೆ ತಲೆಯಾಡಿಸಿದ. ‘ಬಿಚ್ಚೋಕ್ಕೆ ಇನ್ನು ಒಳಗಡೆ ಬಟ್ಟೇನೇ ಇಲ್ಲ ಮೇಡಂ!’ ಅಂಗಡಿಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ದೇವರನ್ನು ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ.

ಮನೆಗೆ ಬರುವ ದಾರಿಯಲ್ಲೇ ಅತ್ತೆಯ ವಿಚಾರಣೆ ಶುರುವಾಯಿತು. ಬೇಕರಿಯವರನ್ನು ಕೇಳಿದಳು. ‘ಬ್ರೆಡ್ ತಗೊಂಡು ಹೋಗೋಕ್ಕೆ ಬರತ್ತಲ್ಲಮ್ಮ ಮಗು, ಮುದ್ದಾಗಿದೆ ಅಂತ ದಿನಾ ಒಂದು ಬೆಣ್ಣೆ ಬಿಸ್ಕತ್ತು ಕೊಡ್ತೀನಿ’ ಎಂದರು ಅವರು. ಶಾಲೆಗೆ ಹೋದಳು. ಗದಗಿನ ಕಡೆಯ ಡ್ರಿಲ್ ಮಾಸ್ತರರು, ‘ಓಡಿದ್ರ ದಮ್ಮು ಹತ್ತತೈತ್ರೀ ಬಾಯಾರ, ಪಾಪ ಅಂತ ಎಲ್ಲಾರ ಚಪ್ಪಲಿ ಕಾಯಾಕ ಗಿಡದ ನೆಳ್ಳಾಗ ಕುಂದ್ರಿಸೀನಿ’ ಎಂದರು. ಡಾಕ್ಟರ ಹತ್ತಿರ ಹೋದಳು. ಮಗು ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಅಮ್ಮ ಹೇಳಿದ್ದರಿಂದ ಅವರು ಹಸಿವಾಗಲೆಂದು ಟಾನಿಕ್ ಬರೆದುಕೊಟ್ಟಿದ್ದರು!

‘ಒಂದು ಮಗು, ಇಷ್ಟು ಜನ ಒಳ್ಳೇವರು, ಒಬ್ಬರು ಮಾಡ್ತಿರೋದು ಇನ್ನೊಬ್ಬರಿಗೆ ಗೊತ್ತಿಲ್ಲ!’ ಎಂದು ಅತ್ತೆ ನಡುಬೀದಿಯಲ್ಲೇ ಹಣೆ ಚಚ್ಚಿಕೊಂಡಳು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ದಪ್ಪ ಮಕ್ಕಳಿಗೆ ಡಾಕ್ಟರು, ಊಟದ ಸಲಹೆಯವರು, ಮನಸ್ಸಿನ ಸಲಹೆಯವರು ಎಲ್ಲ ಒಟ್ಟಿಗೆ ಕೂತು ಯೋಚಿಸುತ್ತಾರಂತೆ. ಆ ಏರ್ಪಾಡು ಆಗಲೇ ಮತ್ತಿಕೆರೆಯಲ್ಲಿ ಒಂದು ಮಗುವಿನ ಮಟ್ಟಿಗೆ ಜಾರಿಯಲ್ಲಿತ್ತೆಂದರೆ ಯಾರೂ ನಂಬುವುದಿಲ್ಲ.

ಆದರೆ ಇನ್ನೊಂದು ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ. ನಾನು ರಾತ್ರಿ ಊಟ ಸರಿಯಾಗಿ ಮಾಡದಿದ್ದುದಕ್ಕೆ ಕಾರಣ, ಅಷ್ಟು ಹೊತ್ತಿಗೆ ನನ್ನದೊಂದು ಊಟ ಮುಗಿದಿರುತ್ತಿತ್ತು!

ನಮ್ಮ ತಾತ, ಅಜ್ಜಿ ರಾತ್ರಿ ಅನ್ನ ತಿನ್ನುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಎದುರುಬದುರು ಕೂತು ಫಲಾಹಾರ ಮಾಡುತ್ತಿದ್ದರು. ಒಂದು ದಿನ ದೋಸೆ, ಒಂದು ದಿನ ಅವಲಕ್ಕಿ, ಒಂದು ದಿನ ಉಪ್ಪಿಟ್ಟು. ತಾತ ತೀರಿಕೊಂಡ ಮೇಲೂ ಅಜ್ಜಿ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದಳು, ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು, ಎದುರಿನ ಖಾಲಿ ಮಣೆ ನೋಡುತ್ತಿದ್ದಳು. ಆಮೇಲೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಎದ್ದುಬಿಡುತ್ತಿದ್ದಳು. ಅಪ್ಪನಿಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ಅಮ್ಮ ಮುಂದಿನ ಕೋಣೆಯಲ್ಲಿ ಬೀದಿಯ ಮಕ್ಕಳಿಗೆ ಹಿಂದಿ ಪಾಠ ಹೇಳುತ್ತಿದ್ದಳು. ಅತ್ತೆ ಎಕ್ಸ್‌ಚೇಂಜಿನಲ್ಲಿ. ನೋಡುವವಳು ನಾನೊಬ್ಬಳೇ. ಒಂದು ಸಂಜೆ ಸುಮ್ಮನೆ ತಾತನ ಮಣೆಯ ಮೇಲೆ ಕೂತು, ‘ನಂಗೂ ಹಾಕಜ್ಜಿ’ ಎಂದೆ. ನಾನು ಒಂದು ತುತ್ತು ತಿಂದೆ. ಅಜ್ಜಿಯೂ ಒಂದು ತುತ್ತು ತಿಂದಳು. ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಿದ್ದಳು. ‘ಅಮ್ಮಂಗೆ ಹೇಳ್ಬೇಡ ಪುಟ್ಟಿ, ಸುಮ್ನೆ ಕಳವಳ ಮಾಡ್ಕೋತಾಳೆ’ ಎಂದು ಮಾತು ತೆಗೆದುಕೊಂಡಳು. ಅಲ್ಲಿಂದ ಶುರುವಾಯಿತು ನನ್ನ ಚಿಂತೆ ಮಾಡುವ ಚಟ. ನಾನು ಒಂದು ದೋಸೆ ಕಡಿಮೆ ತಿಂದರೆ ಅಜ್ಜಿ ಸತ್ತೇಹೋಗುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು.

ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು (ಜಾಗಕ್ಕೇನೂ ಕೊರತೆಯಿರಲಿಲ್ಲ) ನಾನು ಅತ್ತೆಯ ಸಭೆಗೆ ಹಾಜರಾದೆ. ಭಾನುವಾರ, ನಮ್ಮ ನಡುಮನೆ. ಡಾಕ್ಟರು, ಡ್ರಿಲ್ ಮಾಸ್ತರರು, ಬೇಕರಿಯವರು ಒಂದೇ ಬೆಂಚಿನ ಮೇಲೆ. ಎಲ್ಲರಿಗೂ ಕಾಣುವಂತೆ ನಾನು ಸ್ಟೂಲಿನ ಮೇಲೆ. ಪಕ್ಕಪಕ್ಕದಲ್ಲಿ ಕೂತಿದ್ದರೂ ಅವರು ನೇರವಾಗಿ ಮಾತಾಡುವಂತಿಲ್ಲ!

‘ಡಾಕ್ಟ್ರೇ, ಮಾಸ್ತರರು ಕಾಯ್ತಿದಾರೆ, ಮಾತಾಡಿ.’

‘ಮಗು ದಿನಾ ಒಂದಿಷ್ಟು ಓಡ್ಬೇಕಪ್ಪ’ ಎಂದರು ಡಾಕ್ಟರು.

‘ಮಾಸ್ತರ್ರೇ, ಮಗು ಓಡ್ಬೇಕಂತೆ.’

‘ಕೇಳಸ್ತ್ರೀ ಬಾಯಾರ, ನನ್ನ ಬಗಲಾಗ ಅದಾರ!’

ಟಾನಿಕ್ ರದ್ದಾಯಿತು, ಬಿಸ್ಕತ್ತು ರದ್ದಾಯಿತು, ಚಪ್ಪಲಿ ಕಾಯುವ ಹುದ್ದೆ ಹೋಯಿತು. ಎಲ್ಲರೂ ತೃಪ್ತಿಯಿಂದ ಎದ್ದೇಳುವಾಗ, ಮನೆಗೆ ಬಂದವರನ್ನು ಬರಿ ಬಾಯಲ್ಲಿ ಕಳಿಸುವುದುಂಟೇ ಎಂದು ಅಮ್ಮ ಕೇಸರಿಬಾತು ತಂದಳು. ದ್ರಾಕ್ಷಿ, ಗೋಡಂಬಿ ಎಲ್ಲ ಹಾಕಿದ್ದಳು. ‘ಎಲ್ಲರೂ ತಿನ್ನೋವಾಗ ಮಗು ಬಾಯಿ ನೋಡ್ಕೊಂಡು ಕೂತ್ಕೋಬೇಕೇನೇ?’ ಎಂದು ಅಜ್ಜಿ ಮೊದಲ ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ನನ್ನ ಬೊಜ್ಜಿನ ಮೇಲೆ ನಡೆದ ಮೊದಲ ಸಭೆ ಹೀಗೆ ಮುಕ್ತಾಯವಾಯಿತು.

ಆಮೇಲೆ ನಾನು ತಲೆಯೆತ್ತಿ ನಡೆಯುವಂತಿರಲಿಲ್ಲ. ಯಶವಂತಪುರದ ಶಾಲೆಗೆ ಬಸ್ಸು ಬಿಟ್ಟು ನಡೆದೇ ಹೋಗಬೇಕೆಂದು ತೀರ್ಮಾನವಾಗಿತ್ತು. ಒಂದು ಬೆಳಿಗ್ಗೆ ಕದ್ದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಕಂಡಕ್ಟರು ಕೈ ಅಡ್ಡ ಹಿಡಿದ. ‘ನೀನ್ ಅತ್ತಂಗಿಲ್ಲ ಕಣವ್ವಾ, ನಿಮ್ಮತ್ತೆ ಯೋಳವ್ರೆ!’ ಅತ್ತೆ ಕಂಡಕ್ಟರನ್ನೂ ಬಿಟ್ಟಿರಲಿಲ್ಲ! ಅಂದಿನಿಂದ ಆ ಬಸ್ಸು ನನ್ನನ್ನು ದಾಟಿ ಹೋಗುವಾಗಲೆಲ್ಲ ಅವನು ಬಾಗಿಲಲ್ಲಿ ಜೋತುಬಿದ್ದು, ‘ಅಂಗೇ ನಡಿಯವ್ವಾ, ಬೇಸಾಯ್ತದೆ!’ ಎಂದು ಕೂಗುತ್ತಿದ್ದ. ಕಿಟಕಿಗಳ ತುಂಬ ತಲೆಗಳು. ಒಬ್ಬ ಅಜ್ಜ ನನಗೆ ಕೈಯೆತ್ತಿ ಆಶೀರ್ವಾದವನ್ನೂ ಮಾಡಿದರು.

ಇನ್ನು ತೂಕ. ಯಶವಂತಪುರದ ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣದ ದೀಪ ತಿರುಗುವ ಯಂತ್ರವಿತ್ತು. ಕಾಸು ಹಾಕಿದರೆ ತೂಕದ ಚೀಟಿ ಬರುತ್ತಿತ್ತು, ಹಿಂದುಗಡೆ ಭವಿಷ್ಯ. ನನ್ನ ಚೀಟಿಯಲ್ಲಿ ‘ನಿಮ್ಮ ಏಳಿಗೆಯನ್ನು ಯಾರೂ ತಡೆಯಲಾರರು’ ಎಂದಿತ್ತು. ಅತ್ತೆ ಆ ಯಂತ್ರವನ್ನು ಮತ್ತೆ ನಂಬಲಿಲ್ಲ. ಸೀದಾ ಸೌದೆ ಡಿಪೋಗೆ ಕರೆದುಕೊಂಡು ಹೋಗಿ, ತೊಲೆಗೆ ನೇತುಹಾಕಿದ್ದ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನನ್ನನ್ನು ಕೂರಿಸಿದಳು. ಡಿಪೋದವನು ಇನ್ನೊಂದು ಕಡೆಗೆ ಕಬ್ಬಿಣದ ಬಟ್ಟುಗಳನ್ನು ಒಂದೊಂದಾಗಿ ಇಡುತ್ತಾ, ‘ಅಸಿ ಸೌದೇನಾ, ಒಣಗಿದ್ದಾ ಅಮ್ಮಾ?’ ಎಂದ. ಸೌದೆಗೆ ಬಂದಿದ್ದ ಜನರೆಲ್ಲ ನಕ್ಕರು. ಅವರಲ್ಲಿ ನನ್ನ ಕ್ಲಾಸಿನ ಹುಡುಗಿಯೂ ಇದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬಿಟ್ಟರೂ ನಾನು ಹಿಡಿಸಬೇಕಲ್ಲ!

ಅವಮಾನದ ಮೇಲೆ ಅವಮಾನವೆಂದರೆ, ಎರಡನೆಯ ತಿಂಗಳಿಗೆ ತೂಕ ಇನ್ನೂ ಏರಿತ್ತು. ನಡೆದೂ ನಡೆದೂ ನನಗೆ ಹಸಿವು ಹೆಚ್ಚಾಗಿತ್ತು, ಅಜ್ಜಿಗೆ ನನ್ನ ಜೊತೆ ತಿನ್ನುವ ಖುಷಿ ಹೆಚ್ಚಾಗಿತ್ತು. ಅತ್ತೆ ಬೇಕರಿಯವರ ಮೇಲೆ ಏರಿಹೋದಳು. ಅವರು ಓವನ್ನಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. ಅಮ್ಮನನ್ನು ಕೇಳಿದಳು. ‘ಹೆತ್ತ ತಾಯಿ ಮೇಲೇ ಅನುಮಾನವೇ ಅತ್ತಿಗೆ?’ ಎಂದು ಅಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಅಜ್ಜಿಯ ಫಲಾಹಾರಕ್ಕೆ ಕತ್ತರಿ. ‘ಎಲ್ಲೋ ಒಂದು ಲೈನು ನನ್ನ ಕೈಗೆ ಸಿಗದೆ ಓಡ್ತಿದೆ. ಸಿಗ್ಲಿ, ಕಿತ್ತು ಬಿಸಾಕ್ತೀನಿ’ ಎಂದು ಅತ್ತೆ ಹಲ್ಲು ಕಡಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಕ್ಕಿತು. ಒಂದು ಸಂಜೆ ಎಲ್ಲೋ ಕೇಬಲ್ಲಿಗೆ ನೀರು ನುಗ್ಗಿ ಟ್ರಂಕ್ ಲೈನುಗಳೆಲ್ಲ ಕೆಟ್ಟು ಕೂತವಂತೆ. ಬೇಗ ಮನೆಗೆ ಬಂದ ಅತ್ತೆ ಕಾಲು ತೊಳೆಯಲು ಹಿತ್ತಲಿಗೆ ಬಂದವಳು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ತಾತನ ಮಣೆಯ ಮೇಲಿದ್ದೆ. ದೋಸೆಯ ಮೇಲೆ ತುಪ್ಪ ಮಿನುಗುತ್ತಿತ್ತು. ನಾನು ಬೆಚ್ಚಿ ಕೈ ನಿಲ್ಲಿಸಿದೆ. ಅಜ್ಜಿಯ ಕೈಯೂ ನಿಂತಿತು, ಮುರಿದ ತುತ್ತು ತಟ್ಟೆಗೆ ವಾಪಸ್ಸು ಬಂತು.

‘ಇದೊಂದು ಬಿಡಿಸ್ಬೇಡ ಅತ್ತೆ’ ಎಂದೆ. ಅಳು ಬಂದುಬಿಟ್ಟಿತು. ‘ಬೇಕಾದ್ರೆ ರಾತ್ರಿ ಊಟ ಬಿಟ್ಬಿಡ್ತೀನಿ. ನಾನು ತಿನ್ನದಿದ್ರೆ ಅಜ್ಜಿ ತಿನ್ನಲ್ಲ.’

ಅತ್ತೆ ಅಜ್ಜಿಯನ್ನು ನೋಡಿದಳು. ಅಜ್ಜಿ ಸಿಕ್ಕಿಬಿದ್ದ ಮಗುವಿನ ಹಾಗೆ ನೆಲ ನೋಡುತ್ತಿದ್ದಳು. ‘ತಾತ ಹೋದಾಗ್ಲಿಂದಾನಾ?’ ಎಂದು ಅತ್ತೆ ನನ್ನನ್ನು ಕೇಳಿದಳು. ಹೂಂ ಎಂದೆ. ಇಷ್ಟು ದಿನ ಊರಿಗೆಲ್ಲ ನನ್ನ ಮೈ ತೋರಿಸಿ ನನ್ನನ್ನು ನಾಚಿಸಿದ್ದ ಅತ್ತೆಯ ಮುಖದಲ್ಲಿ ನಾನು ಮೊದಲ ಸಲ ನಾಚಿಕೆ ಕಂಡೆ. ಕಣ್ಣು ತುಂಬಿಕೊಂಡು, ‘ಏಳೇ, ಮಣೆ ಬಿಡು’ ಎಂದಳು. ತಾನು ಕೂತಳು.

‘ಅಮ್ಮಾ, ನಂಗೊಂದು ದೋಸೆ ಹಾಕು.’

‘ಸಂಜೆ ಹೊತ್ತು ತಿಂದ್ರೆ ಎದೆ ಉರಿಯತ್ತೆ ಅಂತಿದ್ಯಲ್ಲೇ?’

‘ಹಾಕು ಅಂದ್ನಲ್ಲ! ನೀನೂ ತಟ್ಟೆ ಹತ್ರ ಎಳ್ಕೊ.’ ಆಮೇಲೆ ನನ್ನ ಕಡೆ ತಿರುಗಿ, ‘ನಿಂಗೇನೇ ಇಲ್ಲಿ ಕೆಲಸ? ಹೋಗು, ಕುಂಟೆಬಿಲ್ಲೆ ಆಡು’ ಎಂದು ಗದರಿದಳು.

ಮುಂದಿನ ತಿಂಗಳಿನಿಂದ ಅತ್ತೆ ಬೆಳಗಿನ ಡ್ಯೂಟಿ ಬರೆಸಿಕೊಂಡಳು. ಬೀದರಿನ ಬಾಣಂತಿಯರು, ಮಂಗಳೂರಿನ ಮುನಿಸುಗಳು ಯಾರ ಕಿವಿಗೆ ಬಿದ್ದವೋ ಗೊತ್ತಿಲ್ಲ. ನನ್ನನ್ನು ಸೌದೆ ಡಿಪೋಗೆ ಮತ್ತೆ ಕರೆದುಕೊಂಡು ಹೋಗಲಿಲ್ಲ. ನಾನು ಇಳಿದೆನೇ? ಸ್ವಲ್ಪ ಇಳಿದೆ. ಬಸ್ಸಿನ ಕಂಡಕ್ಟರು ಕೂಗುವುದನ್ನು ಬಿಡುವಷ್ಟು.

ದೀಪ ಹಚ್ಚುವ ಹೊತ್ತಿಗೆ ನಾನು ಹಿತ್ತಲಿನಲ್ಲಿ ಒಂಟಿ ಕಾಲಿನ ಮೇಲೆ ಮನೆಯಿಂದ ಮನೆಗೆ ನೆಗೆಯುತ್ತಿದ್ದೆ. ಒಳಗೆ ದೋಸೆ ಚುಯ್ ಎನ್ನುತ್ತಿತ್ತು. ಅಜ್ಜಿ ತಾತನ ಕಾಲದ ಯಾವುದೋ ಕಥೆ ಹೇಳುತ್ತಿದ್ದಳು, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಳು, ಹೇಳುತ್ತಲೇ ಇದ್ದಳು. ಅತ್ತೆ ಹೂಂಗುಟ್ಟುತ್ತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಬಿಲ್ಲೆ ಕೈಯಲ್ಲಿ ಹಿಡಿದು ಎಷ್ಟೋ ಸಂಜೆ ಕಿವಿಗೊಟ್ಟು ನಿಂತಿದ್ದೇನೆ. ಮೂರು ನಿಮಿಷ ಆಯ್ತು ಎಂದು ಅತ್ತೆ ಅಲ್ಲಿ ಒಮ್ಮೆಯೂ ಹೇಳಲಿಲ್ಲ.