ಗಾಜಿನ ಬಾಗಿಲ ಮುಂದಿನ ಸ್ಟೂಲು

ಕೆಲಸ ಪಕ್ಕಾ ಆಗಬೇಕಾದ ದಿನವೇ ಓಣಿಗೆಲ್ಲ ಅಮಸಿದ್ದಪ್ಪನ ಕಿವಿಯ ಚಿಂತೆ ಹತ್ತಿಕೊಂಡಿತು.

ಬನಹಟ್ಟಿಯ ಪಾವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ನೇಯ್ದು ಅವನ ಕಿವಿ ಮುಕ್ಕಾಲು ಹೋಗಿತ್ತು. ಶೆಡ್ಡಿನೊಳಗೆ ಅದೇನು ದೊಡ್ಡ ಕೊರತೆಯಲ್ಲ. ಮಗ್ಗಗಳ ಗದ್ದಲದಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಎಲ್ಲರೂ ಎದುರಿನವರ ತುಟಿ ನೋಡಿಯೇ ಹರಟೆ ಹೊಡೆಯುತ್ತಾರೆ. ಶೆಡ್ಡು ಮುಚ್ಚಿದ ಮೇಲೆ ಗೊತ್ತಾಯಿತು, ಹೊರಗಿನ ಜನ ಬೆನ್ನ ಹಿಂದೆ ನಿಂತೇ ಕೆಲಸ ಹೇಳುತ್ತಾರೆಂದು. ಹೋದಲ್ಲೆಲ್ಲ ವಾರದೊಳಗೆ ಕಳಿಸಿಬಿಟ್ಟರು. ಆರು ವರ್ಷ ಮನೆಯಲ್ಲಿ ಕೂತ. ಹೆಂಡತಿ ತಾಯವ್ವ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿ ಮನೆ ನಡೆಸಿದಳು. ಹೆಂಡತಿ ದುಡಿದ ರೊಟ್ಟಿ ಕೂತವನ ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟವೆಂದು ಅವನಿಗೇ ಗೊತ್ತು.

ಕಡೆಗೆ, ಬಹಳ ವರ್ಷ ಕೆಲಸವಿಲ್ಲದವರನ್ನು ಹುಡುಕಿ ಕೆಲಸಕ್ಕೆ ಹಚ್ಚುವ ಸಂಸ್ಥೆಯೊಂದರ ಸುವರ್ಣಾ ಮೇಡಂ ಅವನನ್ನು ಜಮಖಂಡಿಯ ಟ್ರ್ಯಾಕ್ಟರ್ ಅಂಗಡಿಗೆ ಸೇರಿಸಿದರು. ಸಾವಕಾರ ಧರ್ಮರಾಜನ ಗಾಜಿನ ಕ್ಯಾಬಿನ್ನಿನ ಮುಂದೆ ಸ್ಟೂಲಿನ ಮೇಲೆ ಕೂತು ಬಾಗಿಲು ಕಾಯುವ ಕೆಲಸ. ಮೂರು ತಿಂಗಳು ನೋಡಿ ಪಕ್ಕಾ ಮಾಡುವುದೆಂದು ಮಾತಾಗಿತ್ತು. ಇವತ್ತಿಗೆ ಮೂರು ತಿಂಗಳು. ಕಿವಿಯ ಸಂಗತಿ ಓಣಿಯ ಹೊರಗೆ ಮೇಡಂ ಒಬ್ಬರಿಗೇ ಗೊತ್ತು, ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಅಮಸಿದ್ದಪ್ಪ ನಂಬಿದ್ದ.

ಬೆಳಿಗ್ಗೆ ಮನೆ ಬಿಡುವ ಮೊದಲೇ ಪಕ್ಕದ ಮನೆಯ ಟೇಲರ್ ನಾಮದೇವ ಬಂದು ಎದುರು ಕೂತ. "ಏನ ಕೇಳಿದ್ರೂ ಹೌದ್ರಿ ಅಂದಬಿಡು ಮಾರಾಯಾ. ಇಲ್ಲ ಅನ್ನಾವರನ್ನ ಯಾರೂ ಇಟಗೊಳ್ಳೂದಿಲ್ಲ."

ನಾಮದೇವನ ಹೆಂಡತಿ ಎಣ್ಣೆ ಕಾಸಿ ತಂದಳು. ತಾಯವ್ವ ಅದನ್ನು ಗಂಡನ ಎರಡೂ ಕಿವಿಗೆ ಬಿಟ್ಟು ಅರಳೆ ತುರುಕಿದಳು. ಉಳಿದಿದ್ದ ಕಾಲುಭಾಗವೂ ಮುಚ್ಚಿಕೊಂಡಿತು.

ಹತ್ತು ಗಂಟೆಗೆ, ಸಾವಕಾರ ಇನ್ನೂ ಬರುವ ಮೊದಲು, ಗಲಗಲಿಯ ಮುದಕಪ್ಪ ಅಂಗಡಿಗೆ ಬಂದ. ಹೋದ ವಾರ ಒಯ್ದ ಹೊಸ ಟ್ರ್ಯಾಕ್ಟರಿನಲ್ಲಿ ಆಯಿಲ್ ಸೋರುತ್ತಿತ್ತು. ಹಿಂದಿನಿಂದ ಮೂರು ಸಲ ಕೂಗಿದರೂ ಅಮಸಿದ್ದಪ್ಪ ಅಲುಗಲಿಲ್ಲ. ಕಡೆಗೆ ಮುದಕಪ್ಪ ಮುಂದೆ ಬಂದು ನಿಂತ. ಅವನ ಪೊದೆಮೀಸೆಯಲ್ಲಿ ತುಟಿಯೇ ಕಾಣಲಿಲ್ಲ.

"ನಿಮ್ಮ ಸಾವಕಾರ ಒಳಗ ಅದಾನೋ, ಓಡಿ ಹೋಗ್ಯಾನೋ?"

"ಹೌದ್ರಿ."

"ಓಡಿ ಹೋಗ್ಯಾನ?"

"ಹೌದ್ರಿ."

ಮುದಕಪ್ಪ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದ. ಅವನನ್ನು ಎಬ್ಬಿಸಿ ನೀರು ಕುಡಿಸಿ ಕಳಿಸುವಷ್ಟರಲ್ಲಿ ಸೇಲ್ಸ್‌ಮನ್ ಯುವರಾಜನಿಗೆ ಸಾಕುಸಾಕಾಯಿತು. "ಏ ಕಾಕಾ, ಕಿವಿ ಕೇಳ್ಸೂದಿಲ್ಲೇನ ನಿನಗ? ಮೇಡಂ ಬರಲಿ, ಸಾವಕಾರ್ರಿಗೆ ಹೇಳೇ ಬಿಡ್ತೇನಿ."

ಅವನ ತುಟಿ ಸ್ವಚ್ಛವಾಗಿ ಕಂಡಿತು. ಅಮಸಿದ್ದಪ್ಪ ಕಿವಿಯ ಅರಳೆ ಕಿತ್ತು ಜೇಬಿಗೆ ಹಾಕಿಕೊಂಡ. ಮತ್ತೆ ಅಂಥ ಆರು ವರ್ಷ ತನ್ನಿಂದಾಗದು.

ಮಧ್ಯಾಹ್ನ ಸುವರ್ಣಾ ಮೇಡಂ ಬಂದು ಕ್ಯಾಬಿನ್ನಿನಲ್ಲಿ ಕೂತರು. ಟೇಬಲ್ಲಿನ ಮೇಲೆ ಕೆಲಸ ಪಕ್ಕಾ ಮಾಡುವ ಫಾರ್ಮು. ಬಾಗಿಲು ಹಾಕಿತ್ತು. ಗಾಜಿನಾಚೆ ಸಾವಕಾರ ಚಹಾ ಕುಡಿಯುವಿರಾ ಎಂದು ಕೇಳಿದ್ದು, ಮೇಡಂ ಸಕ್ಕರೆ ಬೇಡವೆಂದಿದ್ದು, ಎರಡೂ ಅಮಸಿದ್ದಪ್ಪನಿಗೆ ಕಂಡವು. ತನಗೆ ಕಿವಿ ಕೇಳುತ್ತದೆಂದು ತೋರಿಸಲು ಇದೇ ಸಮಯವೆಂದು ಎದುರಿನ ಹೋಟೆಲಿಗೆ ಓಡಿದ. ಸಾವಕಾರ ಬೆಲ್ ಒತ್ತುವ ಮೊದಲೇ ಎರಡು ಕಪ್ಪು ತಂದಿಟ್ಟ.

"ಮೇಡಮ್ಮಾರ, ಇದು ಸಕ್ಕರಿ ಇಲ್ಲದ್ದರಿ."

ಮೇಡಂ ಮುಖ ಅರಳಿತು. ಸಾವಕಾರ ಕಣ್ಣು ಕಿರಿದು ಮಾಡಿ ನೋಡಿದ. "ಬಾಗಲಾ ಹಾಕಿತ್ತಲ್ಲೋ, ಹೆಂಗ ಕೇಳಿಸ್ತು?"

"ನನಗ ಎಲ್ಲಾ ಕೇಳತೈತ್ರಿ ಸಾವಕಾರ್ರ." ನಿಯತ್ತು ತೋರಿಸುವ ಹುರುಪಿನಲ್ಲಿ ಅಮಸಿದ್ದಪ್ಪ ಮುಂದುವರಿದ. "ಮುದಕಪ್ಪಗ ಕೊಟ್ಟಿದ್ದು ಹಳೇ ಗಾಡಿ, ಬಣ್ಣಾ ಹೊಡದು ಹೊಸಾದು ಮಾಡೇವಿ ಅಂತ ನಿನ್ನೆ ಫೋನಿನ್ಯಾಗ ಅಂದ್ರಲ್ಲ, ಅದೂ ಕೇಳೇನ್ರಿ. ಒಬ್ಬರ ಮುಂದೂ ಬಾಯಿ ಬಿಟ್ಟಿಲ್ರಿ."

ಚಹಾ ಸಾವಕಾರನ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, "ಹೊರಗ ಹೋಗು" ಅಂದ.

ಅಮಸಿದ್ದಪ್ಪ ಸ್ಟೂಲಿನ ಮೇಲೆ ಕೂತು ಗಾಜಿನೊಳಗೆ ನೋಡಿದ. ಸಾವಕಾರ ಮೇಡಂ ಕಡೆ ಬಾಗಿ ಹೇಳುತ್ತಿದ್ದ:

"ಅಂವಗ ಕಿವಿ ಕೇಳ್ಸೂದಿಲ್ಲಂತ ಮೊದಲನೇ ದಿನಾನ ನೀವ ಹೇಳಿದ್ರಿ. ಅದಕ್ಕಂತನ ಅಂವನ್ನ ತಗೊಂಡು ನನ್ನ ಬಾಗಲಾಗ ಕುಂದರಿಸಿದ್ನಿ. ಇಂಥಾ ಕಿವಿ ಇದ್ದಾಂವ ನನಗ ಬ್ಯಾಡ. ನಾಳಿಂದ ಬರಬ್ಯಾಡ ಅನ್ರಿ. ಖರೇನ ಕಿವುಡ ಇದ್ದಾಂವ ಸಿಕ್ರ ಕಳಸ್ರಿ."

ಫಾರ್ಮು ಎರಡು ತುಂಡಾಯಿತು.

ಸುವರ್ಣಾ ಮೇಡಂ ಹೊರಗೆ ಬಂದು, ಹೇಗೆ ಹೇಳುವುದೆಂದು ತೋಚದೆ ಅವನ ಮುಂದೆ ನಿಂತರು. ಅವರ ತುಟಿ ಎರಡು ಸಲ ತೆರೆದು ಮುಚ್ಚಿತು.

"ಯಾಕ ತ್ರಾಸ ಮಾಡ್ಕೋತೀರಿ ಮೇಡಮ್ಮಾರ," ಎಂದು ಅಮಸಿದ್ದಪ್ಪ ಸ್ಟೂಲಿನಿಂದ ಎದ್ದ. "ಕೇಳಿಸ್ತರಿ."